ಕರ್ತನ ಬರೋಣಕ್ಕೆ ಸಿದ್ಧರಾಗಿರುವುದೆಂದರೆ ದಿನನಿತ್ಯ ಮಾಡಬೇಕಾದದ್ದೇನು?

ಶಿಡ್ಲಘಟ್ಟ ತಾಲ್ಲೂಕು, ಸಭಾ ಹಿರಿಯ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಹಳ್ಳಿಯ ಸಭೆ ಚಿಕ್ಕದು. ಡೈರಿಗೆ ಹಾಲು ಹಾಕಿ, ದನ ಕಟ್ಟಿ, ರಾತ್ರಿ ಎಂಟರ ಸುಮಾರಿಗೆ ಯಾರಾದರೊಬ್ಬರ ಮನೆಯಲ್ಲಿ ಕೂಡಿ ಪ್ರಾರ್ಥಿಸುವುದು ಮೊದಲಿನಿಂದಲೂ ಇರುವ ವಾಡಿಕೆ. ಇತ್ತೀಚೆಗೆ ಈ ಕೂಟಗಳ ಧಾಟಿ ಬದಲಾಗಿದೆ. ತೆಲುಗಿನಲ್ಲೂ ಕನ್ನಡದಲ್ಲೂ ಮೊಬೈಲಿಗೆ ಬರುವ ಪ್ರಸಂಗಗಳನ್ನು ಕೇಳುವ ನಮ್ಮ ಯುವಕರು, ಯುದ್ಧದ ಸುದ್ದಿ ಬಂದರೆ ಒಂದು ವಚನಕ್ಕೆ, ಭೂಕಂಪದ ಸುದ್ದಿ ಬಂದರೆ ಇನ್ನೊಂದು ವಚನಕ್ಕೆ ಅದನ್ನು ಜೋಡಿಸುತ್ತಾ, ಬರೋಣ, ಅಂದರೆ ಕರ್ತನಾದ ಯೇಸು ಮತ್ತೆ ಬರುವುದು, ಈ ವರ್ಷವೋ ಮುಂದಿನ ವರ್ಷವೋ ಎಂಬ ಚರ್ಚೆಯಲ್ಲೇ ಕೂಟವನ್ನು ಮುಗಿಸುತ್ತಾರೆ. ಅವರಲ್ಲೊಬ್ಬ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಇನ್ನು ಪರೀಕ್ಷೆ ಬರೆದು ಆಗಬೇಕಾದದ್ದೇನಿದೆ ಎಂದು ಶುಲ್ಕ ಕಟ್ಟಲು ಒಪ್ಪುತ್ತಿಲ್ಲ. ಇನ್ನೊಂದು ಮನೆಯ ಹುಡುಗಿ ಎಚ್ಚರವಾಗಿರಿ ಎಂಬ ಮಾತನ್ನು ಅಕ್ಷರಶಃ ಹಿಡಿದುಕೊಂಡು ರಾತ್ರಿಯೆಲ್ಲ ನಿದ್ದೆಗೆಡುತ್ತಿದ್ದಾಳೆ. ಮಲಗಿರುವಾಗ ಕರ್ತನು ಬಂದರೆ ತಾನು ಹಿಂದೆ ಉಳಿದುಬಿಡುತ್ತೇನೆ ಎಂಬುದು ಅವಳ ಭಯ.

ಇವರ ಆಸಕ್ತಿಗೆ ತಣ್ಣೀರೆರಚಲು ನನಗೆ ಮನಸ್ಸಿಲ್ಲ. ಬರೋಣದ ವಿಷಯವನ್ನೇ ಮರೆತು, ಹಬ್ಬಕ್ಕೊಮ್ಮೆ ಗುಡಿಗೆ ಬಂದುಹೋಗುವ ಹಿರಿಯರ ನಡುವೆ ಈ ಮಕ್ಕಳಾದರೂ ಅದನ್ನು ನಿಜವೆಂದು ನಂಬಿದ್ದಾರಲ್ಲ ಎಂಬ ಗೌರವವೂ ಇದೆ. ಆದರೆ ಸಿದ್ಧರಾಗಿರುವುದೆಂದರೆ ಹೆದರಿಕೊಂಡಿರುವುದಲ್ಲ, ಲೆಕ್ಕ ಹಾಕುತ್ತಾ ಕೂರುವುದೂ ಅಲ್ಲ ಎಂದು ಅವರಿಗೆ ವಾಕ್ಯದಿಂದಲೇ ತೋರಿಸಬೇಕಾಗಿದೆ. ಅದಲ್ಲವಾದರೆ ಮತ್ತೇನು ಎಂಬುದಕ್ಕೂ ಉತ್ತರ ಕೊಡಬೇಕಾಗಿದೆ. ತಿಳಿದವರು ದಯವಿಟ್ಟು ಬರೆಯಿರಿ.

ತುಮಕೂರು, ನಿವೃತ್ತ ಸಭಾಪಾಲಕ

ಹಿರಿಯರಿಗೆ ವಂದನೆಗಳು. ಒಂದೊಂದು ವಚನವನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳದೆ ಮತ್ತಾಯನ ಸುವಾರ್ತೆಯ 24 ಮತ್ತು 25ನೇ ಅಧ್ಯಾಯಗಳನ್ನು ಒಂದೇ ಕೂಟದಲ್ಲಿ ನಿಲ್ಲಿಸದೆ ಓದಿಸಿರಿ ಎಂಬುದು ನನ್ನ ಮೊದಲ ಸಲಹೆ. ಎರಡೂ ಸೇರಿ ಒಂದೇ ಉಪದೇಶ. ಎಣ್ಣೆಮರಗಳ ಗುಡ್ಡದ ಮೇಲೆ ಕುಳಿತಿದ್ದ ಯೇಸುವಿನ ಬಳಿಗೆ ಶಿಷ್ಯರು ಬಂದು ಇದೆಲ್ಲ ಯಾವಾಗ ಆಗುವುದೆಂದು ಕೇಳುತ್ತಾರೆ. ಆತನು ಯುದ್ಧ, ಬರ, ಭೂಕಂಪಗಳ ಮಾತನ್ನು ಆಡುತ್ತಾನಾದರೂ ಅವುಗಳಿಂದ ಕಳವಳಪಡಬೇಡಿರಿ ಎನ್ನುತ್ತಾನೆ. ಆ ದಿನದ ವಿಷಯ ತಂದೆಗೆ ಹೊರತು ದೂತರಿಗೂ ಮಗನಿಗೂ ತಿಳಿಯದೆಂದು 36ನೇ ವಚನದಲ್ಲಿ ಸ್ಪಷ್ಟಪಡಿಸುತ್ತಾನೆ. ಅಲ್ಲಿಂದ ಮುಂದೆ ಆತನು 'ಯಾವಾಗ' ಎಂಬ ಪ್ರಶ್ನೆಯನ್ನು ಬಿಟ್ಟೇ ಬಿಡುತ್ತಾನೆ. ಕಳ್ಳ ಬರುವ ಹೊತ್ತು ತಿಳಿಯದ ಮನೆಯ ಯಜಮಾನ, ಮನೆಯವರ ಮೇಲೆ ನೇಮಿಸಲ್ಪಟ್ಟ ಆಳು, ಹತ್ತು ಮಂದಿ ಕನ್ಯೆಯರು, ಧಣಿಯಿಂದ ತಲಾಂತುಗಳನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಪಡೆದ ಮೂವರು, ಕೊನೆಗೆ ಕುರಿಗಳೂ ಆಡುಗಳೂ: ಹೀಗೆ ಒಂದರ ಹಿಂದೊಂದು ಚಿತ್ರವನ್ನು ಮುಂದಿಡುತ್ತಾನೆ. ಇವುಗಳಲ್ಲಿ ಯಾರೊಬ್ಬರೂ ದಿನವನ್ನು ಸರಿಯಾಗಿ ಎಣಿಸಿದ್ದಕ್ಕಾಗಿ ಹೊಗಳಿಸಿಕೊಂಡವರಲ್ಲ.

ನಿದ್ದೆಗೆಡುತ್ತಿರುವ ಮಗಳಿಗೆ ದೀಪ ಹಿಡಿದು ಮದಲಿಂಗನಿಗಾಗಿ ಕಾದ ಕನ್ಯೆಯರ ಸಾಮ್ಯದಲ್ಲಿರುವ, ಅಂದರೆ ದೃಷ್ಟಾಂತ ಕಥೆಯಲ್ಲಿರುವ, ಒಂದು ಮಾತನ್ನು ತೋರಿಸಿರಿ. ಮದಲಿಂಗನು ತಡಮಾಡಿದಾಗ ಹತ್ತು ಮಂದಿಯೂ ತೂಕಡಿಸಿ ನಿದ್ರೆಹೋದರು, ಬುದ್ಧಿವಂತೆಯರೂ ಸಹ. ಅವರ ನಿದ್ದೆಯನ್ನು ಯೇಸು ಎಲ್ಲಿಯೂ ದೂರುವುದಿಲ್ಲ. ಮಲಗುವುದಕ್ಕೆ ಮುಂಚೆಯೇ ಪಾತ್ರೆಯಲ್ಲಿ ಎಣ್ಣೆ ಇತ್ತೋ ಇಲ್ಲವೋ ಎಂಬುದೊಂದೇ ಅಲ್ಲಿನ ವ್ಯತ್ಯಾಸ. ಪರೀಕ್ಷೆ ಬೇಡವೆನ್ನುವ ಮಗನಿಗೆ ಮುಂದಿನ ಸಾಮ್ಯವೇ ಸಾಕು. ಧಣಿಯು ಬಹುಕಾಲದ ಮೇಲೆ ಬಂದನೆಂದು ಅಲ್ಲಿ ಬರೆದಿದೆ. ಆ ಬಹುಕಾಲವನ್ನು ಒಬ್ಬನು ತಲಾಂತನ್ನು ನೆಲದಲ್ಲಿ ಹೂಣಿಟ್ಟು ಕಳೆದನು. ಅದಕ್ಕೆ ಅವನು ಕೊಟ್ಟ ಕಾರಣ 'ಹೆದರಿದೆನು' ಎಂಬುದಾಗಿತ್ತು. ದೇವರು ಕೊಟ್ಟ ಬುದ್ಧಿಯನ್ನೂ ತಂದೆತಾಯಿ ದುಡಿದು ಓದಿಸಿದ ವರ್ಷಗಳನ್ನೂ ಭಯದಿಂದ ಹೂಣಿಡುವುದು ಸಿದ್ಧತೆಯಾಗುವುದಾದರೂ ಹೇಗೆ?

ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಉಪದೇಶದ ಆರಂಭದಲ್ಲಿ ಶಿಷ್ಯರು ಯಾವಾಗ ಎಂದು ಕೇಳಿದಂತೆಯೇ ಅದರ ಕೊನೆಯಲ್ಲಿ ನೀತಿವಂತರೂ ಯಾವಾಗ ಎಂದೇ ಕೇಳುತ್ತಾರೆ: ನೀನು ಹಸಿದಿದ್ದನ್ನು ಯಾವಾಗ ಕಂಡೆವು, ರೋಗಿಯಾಗಿದ್ದನ್ನು ಯಾವಾಗ ಕಂಡೆವು ಎಂದು. ಬರುವವನು ಅಷ್ಟು ದಿನವೂ ಅವರ ನೆರೆಯವರ ರೂಪದಲ್ಲಿ ಬಂದುಹೋಗುತ್ತಲೇ ಇದ್ದನು.

ಕೆಜಿಎಫ್, ವಿಶ್ವಾಸಿ

ಕರ್ತನಿಗೆ ಸ್ತೋತ್ರ. ಅಯ್ಯನವರು ಬರೆದದ್ದನ್ನು ಓದಿ ಸಂತೋಷಪಟ್ಟೆ. ಆದರೆ ಮರ್ಯಾದೆಯಿಂದಲೇ ಒಂದು ಮಾತು ಹೇಳಬಯಸುತ್ತೇನೆ. ನಮ್ಮ ಸಭೆಗಳಲ್ಲಿ ಇಂದು ಭಯಕ್ಕಿಂತ ದೊಡ್ಡ ಅಪಾಯ ನಿಶ್ಚಿಂತೆ. ಹೆದರಿದ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಮೈಮರೆತ ಹಿರಿಯರು ಬೀಳುವುದಿಲ್ಲ, ಏಕೆಂದರೆ ಅವರು ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.

ಪ್ರಕಟನೆಯ 3ನೇ ಅಧ್ಯಾಯದಲ್ಲಿ ಸಾರ್ದಿಸಿನ ಸಭೆಗೆ ಬಂದ ಮಾತನ್ನು ಯೋಚಿಸಿರಿ. ಜೀವಿಸುವವನೆಂದು ಹೆಸರಿದ್ದರೂ ಸತ್ತಿದ್ದೀ, ಎಚ್ಚರವಾಗು, ಇಲ್ಲದಿದ್ದರೆ ಕಳ್ಳನು ಬರುವಂತೆ ಬರುವೆನು ಎಂದು ಕರ್ತನು ಹೇಳುತ್ತಾನೆ. ಆ ಊರಿನವರಿಗೆ ಈ ಮಾತು ನೇರವಾಗಿ ನಾಟುವಂಥದು. ಸಾರ್ದಿಸಿನ ಕೋಟೆ ಕಡಿದಾದ ಬಂಡೆಯ ಮೇಲಿತ್ತು. ಅದನ್ನು ಯಾರೂ ಹತ್ತಲಾರರೆಂಬುದು ಅಲ್ಲಿನವರ ನಂಬಿಕೆಯಾಗಿತ್ತು. ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಪಾರಸಿಯ ರಾಜ ಕೋರೆಷನ ಸೈನ್ಯ ಅದನ್ನು ಮುತ್ತಿದಾಗ, ಕೋಟೆಯ ಸೈನಿಕನೊಬ್ಬನು ಉರುಳಿಬಿದ್ದ ತನ್ನ ಶಿರಸ್ತ್ರಾಣವನ್ನು ತರಲು ಬಂಡೆಯನ್ನು ಇಳಿದು ಹತ್ತಿದ್ದನ್ನು ಶತ್ರುವಿನ ಕಡೆಯವನೊಬ್ಬ ನೋಡಿದನೆಂದೂ, ಅದೇ ದಾರಿಯಲ್ಲಿ ಏರಿ, ಕಾವಲೇ ಇಲ್ಲದ ಆ ಭಾಗದಿಂದ ಕೋಟೆಯನ್ನು ಹಿಡಿದರೆಂದೂ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಮೂರು ಶತಮಾನಗಳ ಮೇಲೆ ರಾಜ ಮೂರನೆಯ ಆಂಟಿಯೋಕಸನ ಸೈನಿಕರು ಅದೇ ಊರನ್ನು ಹಾಗೆಯೇ, ಕಾವಲಿಲ್ಲದ ಜಾಗದಿಂದಲೇ ಹತ್ತಿ ಹಿಡಿದರು. ಒಂದೇ ತಪ್ಪಿನಿಂದ ಎರಡು ಸಾರಿ ಬಿದ್ದ ಊರದು.

ಆದಕಾರಣ ಎಚ್ಚರದ ಪ್ರಸಂಗವನ್ನು ಕಡಿಮೆ ಮಾಡಬೇಡಿರಿ ಎಂದು ಬೇಡಿಕೊಳ್ಳುತ್ತೇನೆ. ಚಿನ್ನದ ಗಣಿ ನಿಂತುಹೋಗುವುದೆಂದು ನಮ್ಮೂರಿನಲ್ಲಿ ಎಷ್ಟೋ ವರ್ಷ ಮಾತು ಕೇಳಿಬರುತ್ತಿತ್ತು. ಕೇಳಿ ಕೇಳಿ ಜನರಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. 2001ರ ಫೆಬ್ರವರಿ 28ರಂದು ಅದು ನಿಜವಾಗಿಯೂ ಮುಚ್ಚಿದಾಗ ಏನು ಮಾಡಬೇಕೆಂದು ತಿಳಿಯದೆ ನಿಂತ ಮನೆಗಳು ಒಂದೆರಡಲ್ಲ.

ಕೋಲಾರ, ಶುಶ್ರೂಷಕಿ

ಎಲ್ಲರಿಗೂ ವಂದನೆಗಳು. ಮೊದಲು ಆ ಹುಡುಗಿಯ ವಿಷಯ. ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಊಟ ಸೇರದಿರುವುದು, ಎದೆ ಹೊಡೆದುಕೊಳ್ಳುವುದು, ಒಂದೇ ಯೋಚನೆ ಬಿಡದೆ ಕಾಡುವುದು ಇವೆಲ್ಲ ಇದ್ದರೆ ಅದನ್ನು ಭಕ್ತಿಯೆಂದು ಎಣಿಸಿ ಸುಮ್ಮನಿರಬಾರದು. ಅದು ವೈದ್ಯರಿಗೆ ತೋರಿಸಬೇಕಾದ ಸ್ಥಿತಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ವಿಭಾಗವನ್ನು ವಿಚಾರಿಸಿರಿ. ಅಷ್ಟು ದೂರ ಕರೆದೊಯ್ಯಲು ಸದ್ಯಕ್ಕೆ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಪ್ರಾರ್ಥನೆಯನ್ನೂ ಬಿಡಬೇಕಾಗಿಲ್ಲ. ಆದರೆ ರಾತ್ರಿಯಿಡೀ ಅವಳ ಸುತ್ತ ಕುಳಿತು ಗಟ್ಟಿಯಾಗಿ ಪ್ರಾರ್ಥಿಸಿದರೆ ಅವಳ ಭಯ ಇನ್ನೂ ಹೆಚ್ಚಾಗುತ್ತದೆ ಎಂಬುದನ್ನು ಮನೆಯವರಿಗೆ ಮೃದುವಾಗಿ ತಿಳಿಸಿರಿ.

ಅವಳೊಂದಿಗೆ ಓದಲು 121ನೇ ಕೀರ್ತನೆ ಒಳ್ಳೆಯದು. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಎಂದು ಅದು ಹೇಳುತ್ತದೆ. ಎಚ್ಚರವಾಗಿರುವ ಆ ಕೆಲಸವನ್ನು ದೇವರು ತಾನೇ ವಹಿಸಿಕೊಂಡಿರುವುದರಿಂದ ಆತನ ಮಗಳು ಮಲಗಬಹುದು. ಬಿರುಗಾಳಿಯಲ್ಲಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದವನು ನಮ್ಮ ಕರ್ತನೇ ಅಲ್ಲವೇ?

ಎರಡನೆಯದಾಗಿ, ಬರೋಣವೆಂದಾಗ ಕಹಳೆಯ ಧ್ವನಿಯೊಂದಿಗೆ ಕರ್ತನು ಇಳಿದುಬರುವ ದಿನವನ್ನಷ್ಟೇ ನಾವು ನೆನೆಯುತ್ತೇವೆ. ಆದರೆ ನಮ್ಮಲ್ಲಿ ಬಹುಮಂದಿ ಕರ್ತನನ್ನು ಎದುರುಗೊಳ್ಳುವುದು ಆಸ್ಪತ್ರೆಯ ಮಂಚದ ಮೇಲೆಯೋ ಮನೆಯ ಚಾಪೆಯ ಮೇಲೆಯೋ. ರಾತ್ರಿ ಪಾಳಿಯಲ್ಲಿ ಅಂಥವರ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡ ಮಾತುಗಳನ್ನು ನೆನೆದರೆ, ಅಂತ್ಯಕಾಲದ ಲೆಕ್ಕವನ್ನು ಕೇಳಿದವರು ಒಬ್ಬರೂ ನೆನಪಿಗೆ ಬರುವುದಿಲ್ಲ. ಜಮೀನಿನ ಪಾಲಿನಲ್ಲಿ ಮುನಿಸಿಕೊಂಡ ಅಣ್ಣನನ್ನು ಕರೆಸಿ ಎಂದವರಿದ್ದಾರೆ. ಮಾತು ಬಿಟ್ಟ ಮಗಳಿಗೆ ಫೋನು ಹಚ್ಚಿಕೊಡಿ ಎಂದವರಿದ್ದಾರೆ. ಫೋನನ್ನು ಆ ಕಡೆಯವರು ಎತ್ತದೆ ಹೋದ ರಾತ್ರಿಗಳೂ ಇವೆ. ಒಬ್ಬ ಅಜ್ಜಿ ಮಾತ್ರ ಬೇರೆಯ ರೀತಿಯವರು. ಸೆರಗಿನ ತುದಿಯ ಗಂಟನ್ನು ಸೊಸೆಯಿಂದ ಬಿಚ್ಚಿಸಿ, ಪೆಟ್ಟಿಗೆಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಅಂಗಡಿಯ ಬಾಕಿ ಇಷ್ಟು, ಚೀಟಿಯಲ್ಲಿ ನಮಗೆ ಬರಬೇಕಾದದ್ದು ಇಷ್ಟು, ಪಕ್ಕದ ಮನೆಯವರಿಂದ ಇಸಿದುಕೊಂಡ ರಾಗಿ ಎರಡು ಸೇರು, ಅದನ್ನು ಮರೆಯದೆ ಕೊಡು ಎಂದು ಹೇಳಿ ಮುಗಿಸಿದರು. ಆಮೇಲೆ ಪ್ರಾರ್ಥನೆ ಮಾಡಿಸಿಕೊಂಡರು. ಅವರಲ್ಲಿ ಅವಸರವಾಗಲಿ ಗಾಬರಿಯಾಗಲಿ ಕಾಣಲಿಲ್ಲ. ಸಿದ್ಧತೆಯೆಂದರೆ ನನಗೆ ಆ ಎರಡು ಸೇರು ರಾಗಿ ನೆನಪಾಗುತ್ತದೆ.

ಚಿಂತಾಮಣಿ, ಕಾಲೇಜು ವಿದ್ಯಾರ್ಥಿನಿ

ಅಯ್ಯನವರಿಗೂ ಅಕ್ಕನವರಿಗೂ ವಂದನೆಗಳು. ನಾನೂ ಅದೇ ಪ್ರಸಂಗಗಳನ್ನು ಕೇಳುವವಳು. ನನ್ನ ವಯಸ್ಸಿನವರ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಅಂಜೂರದ ಮರದಿಂದ ಪಾಠ ಕಲಿಯಿರಿ ಎಂದು ಯೇಸುವೇ ಹೇಳಿದ್ದಾನಲ್ಲವೇ? ಸೂಚನೆಗಳನ್ನು ನೋಡಬೇಕೆಂದು ಆತನೇ ಹೇಳಿರುವಾಗ ನಾವು ನೋಡಿದರೆ ತಪ್ಪೇನು? ದೊಡ್ಡವರು ದಿನವನ್ನು ಲೆಕ್ಕ ಹಾಕಬೇಡಿ ಎಂದಷ್ಟೇ ಹೇಳಿ ಮಾತು ಮುಗಿಸಿದರೆ, ಇವರಿಗೆ ಈ ವಿಷಯದಲ್ಲಿ ಆಸಕ್ತಿಯೇ ಇಲ್ಲ ಎಂದು ನಮಗೆ ಅನ್ನಿಸುತ್ತದೆ. ಆಗ ಮೊಬೈಲಿನಲ್ಲಿ ಮಾತನಾಡುವವರ ಕಡೆಗೇ ಮತ್ತೆ ಹೋಗುತ್ತೇವೆ.

ತುಮಕೂರು, ನಿವೃತ್ತ ಸಭಾಪಾಲಕ

ಮಗಳೇ, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯೆ. ಸೂಚನೆಗಳನ್ನು ನೋಡುವುದು ತಪ್ಪಲ್ಲ. ಆದರೆ ಅಂಜೂರದ ಮರ ಚಿಗುರಿದಾಗ ಬೇಸಿಗೆ ಹತ್ತಿರವಾಯಿತೆಂದು ತಿಳಿಯುತ್ತದೆಯೇ ಹೊರತು ಬೇಸಿಗೆಯ ತಾರೀಖು ತಿಳಿಯುವುದಿಲ್ಲ. ಹತ್ತಿರವಿದೆ ಎಂದು ನಂಬುವುದು ಎಲ್ಲ ಕಾಲದ ವಿಶ್ವಾಸಿಗಳ ಕರ್ತವ್ಯ, ಇಂಥ ದಿನವೆಂದು ಗೊತ್ತುಮಾಡುವುದು ನಮಗೆ ಕೊಡಲ್ಪಡದ ಅಧಿಕಾರ.

ಗೊತ್ತುಮಾಡಿದವರ ಕಥೆಯನ್ನು ಯುವಕರಿಗೆ ವಿವರವಾಗಿ ಹೇಳುವುದು ಒಳ್ಳೆಯದು, ಅವರನ್ನು ಹೀಯಾಳಿಸುವುದಕ್ಕಾಗಿ ಅಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ ಗ್ರಂಥವನ್ನು ಶ್ರದ್ಧೆಯಿಂದ ಓದಿದವನು; ಪ್ರಾಮಾಣಿಕನೂ ಆಗಿದ್ದನು. ಅವನ ಬೋಧನೆಯನ್ನು ಅನುಸರಿಸಿದವರು ಕೊನೆಗೆ 1844ರ ಅಕ್ಟೋಬರ್ 22ನ್ನು ಗೊತ್ತುಮಾಡಿಕೊಂಡು ಕಾದರು. ಕೆಲವರು ಹೊಲದಲ್ಲಿ ನಿಂತ ಬೆಳೆಯನ್ನು ಒಳಗೆ ತರದೆ ಬಿಟ್ಟರು. ಮರುದಿನ ಬೆಳಗಾಯಿತು, ಅವರ ಅಳುವಿಗೆ ಮೇರೆಯಿರಲಿಲ್ಲ. ಆ ದಿನವನ್ನು ಇತಿಹಾಸದಲ್ಲಿ ಮಹಾ ನಿರಾಶೆ ಎಂದೇ ಕರೆಯುತ್ತಾರೆ. ನಮ್ಮ ಕಾಲದಲ್ಲಿ ಹೆರಾಲ್ಡ್ ಕ್ಯಾಂಪಿಂಗ್ ಎಂಬ ರೇಡಿಯೋ ಬೋಧಕರು 2011ರ ಮೇ 21 ಎಂದರು. ಅದು ಕಳೆದ ಮೇಲೆ ಅಕ್ಟೋಬರ್ 21 ಎಂದರು. ಅವರ ಮಾತನ್ನು ನಂಬಿ ಕೂಡಿಟ್ಟ ಹಣವನ್ನೆಲ್ಲ ಪ್ರಚಾರಕ್ಕೆ ಕೊಟ್ಟವರಿದ್ದರು. ದಿನವನ್ನು ಗೊತ್ತುಮಾಡಿದ್ದು ಪಾಪವೆಂದು ಮುಂದಿನ ವರ್ಷ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಕೊಟ್ಟವರ ಹಣವಾಗಲಿ, ಅವರ ಮಕ್ಕಳ ನಂಬಿಕೆಗೆ ಬಿದ್ದ ಪೆಟ್ಟಾಗಲಿ ಅದರಿಂದ ಸರಿಹೋಗಲಿಲ್ಲ.

ಈ ಕಷ್ಟ ಹಳೆಯದೇ. ಕ್ರಿಸ್ತಶಕ 50ರ ಆಸುಪಾಸಿನಲ್ಲಿ ಪೌಲನು ಥೆಸಲೋನಿಕದವರಿಗೆ ಬರೆದ ಪತ್ರಗಳು ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲಿ ಸೇರಿವೆ. ಅಲ್ಲಿಯೂ ಇದೇ ವಿಷಯವಿದೆ. ಕರ್ತನ ದಿನವು ಬಂದೇಬಿಟ್ಟಿತು ಎಂಬ ಮಾತಿಗೆ ಬೇಗನೆ ಮನಸ್ಸು ಕದಲಿಸಿಕೊಳ್ಳಬೇಡಿರಿ ಎಂದು ಎರಡನೆಯ ಪತ್ರದಲ್ಲಿ ಅವನು ಬೇಡಿಕೊಳ್ಳುತ್ತಾನೆ. ಅದೇ ಪತ್ರದ ಕೊನೆಯಲ್ಲಿ, ಕೆಲಸ ಮಾಡದೆ ಅಲೆದಾಡುವವರು ಶಾಂತರಾಗಿ ದುಡಿದು ತಮ್ಮ ಅನ್ನವನ್ನು ತಾವೇ ಉಣ್ಣಲಿ ಎಂದು ಕಟ್ಟುನಿಟ್ಟಾಗಿ ಹೇಳುತ್ತಾನೆ. ಕೆಜಿಎಫ್‌ನ ಸಹೋದರರೇ, ನಿಶ್ಚಿಂತೆಯ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಭಯಪಟ್ಟವನೂ ಮೈಮರೆತವನೂ ಈ ದಿನದ ಕೆಲಸವನ್ನೇ ಬಿಟ್ಟಿರುತ್ತಾರೆ ಎಂಬುದಷ್ಟೇ ನಾನು ಅದಕ್ಕೆ ಸೇರಿಸುವ ಮಾತು.

ಶಿಡ್ಲಘಟ್ಟ ತಾಲ್ಲೂಕು, ಸಭಾ ಹಿರಿಯ

ಅಯ್ಯನವರು ಸೂಚಿಸಿದಂತೆ ಎರಡೂ ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಿದೆ. ಮನೆಯವರ ಮೇಲೆ ನೇಮಿಸಲ್ಪಟ್ಟ ಆಳಿನ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವನನ್ನು ನಂಬಿಗಸ್ತನೆಂದು ಕರೆಯುವುದು ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರ ಕೊಟ್ಟದ್ದಕ್ಕಾಗಿ. ಕೆಟ್ಟ ಆಳು ಮಾಡಿದ್ದೇನೆಂದರೆ, ಧಣಿ ತಡಮಾಡುತ್ತಾನೆಂದುಕೊಂಡು ಜೊತೆಯಾಳುಗಳನ್ನು ಹೊಡೆದದ್ದು, ಕುಡಿದದ್ದು. ಬರೋಣವನ್ನು ಮರೆತವನ ಗುರುತು ಮೊದಲು ಕಾಣುವುದು ಅವನು ತನ್ನ ಕೈಕೆಳಗಿನವರನ್ನು ನಡೆಸಿಕೊಳ್ಳುವ ರೀತಿಯಲ್ಲಿ.

ನಾವು ರೇಷ್ಮೆ ಹುಳು ಮೇಯಿಸುವವರು. ಹೊತ್ತುಹೊತ್ತಿಗೆ ಎಂಬ ಮಾತು ನಮ್ಮ ಮಕ್ಕಳಿಗೆ ಅರ್ಥವಾಗದೆ ಇರದು. ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನಿಂದ, ಎದ್ದ ಹುಳು ಒಂದು ವಾರದ ಮಟ್ಟಿಗೆ ಹಗಲು ರಾತ್ರಿ ಮೇಯುತ್ತದೆ. ಬಾಗಿಲಿನ ಹೊರಗೆ ನಿಂತರೂ ಸಣ್ಣ ಮಳೆಯ ಹಾಗೆ ಸೊಪ್ಪು ಕಡಿಯುವ ಸದ್ದು ಕೇಳಿಸುತ್ತದೆ. ಆ ದಿನಗಳಲ್ಲಿ ಸೊಪ್ಪು ತಪ್ಪಿದರೆ ಗೂಡು ತೂಗುವಾಗ ಗೊತ್ತಾಗುತ್ತದೆ. ಊಜಿ ನೊಣ ಒಳಗೆ ಬಾರದಂತೆ ಕಿಟಕಿಗೆ ಕಟ್ಟಿದ ಪರದೆ ಒಂದು ಕಡೆ ಸಡಿಲವಾಗಿದ್ದರೂ ಸಾಕು, ಬೆಳೆ ಹೋಯಿತು. ಆಮೇಲೆ ಹುಳು ಹಣ್ಣಾಗುತ್ತದೆ: ಮೇವು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಇಂದೋ ನಾಳೆಯೋ ಎಂದು ಹೇಳಬಹುದು, ಗಳಿಗೆಯನ್ನು ಯಾರೂ ಹೇಳಲಾರರು. ನಡುರಾತ್ರಿಯಾದರೂ ಮನೆಮಂದಿಯೆಲ್ಲ ಎದ್ದು ಆರಿಸಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹಾಕಲೇಬೇಕು. ಚಂದ್ರಿಕೆ ತೊಳೆದು ಒಣಗಿಸಿಟ್ಟ ಮನೆಯಲ್ಲಿ ಆ ರಾತ್ರಿ ಕೆಲಸವಿರುತ್ತದೆ, ಕಿರುಚಾಟವಿರುವುದಿಲ್ಲ.

ಪರೀಕ್ಷೆ ಬೇಡವೆಂದ ಹುಡುಗನ ಮನೆಯವರೂ ಹುಳು ಮೇಯಿಸುವವರೇ. ಬರೋಣ ಹತ್ತಿರವೆಂದು ಈ ದಿನದ ಸೊಪ್ಪು ನಿಲ್ಲಿಸುತ್ತೀಯಾ ಎಂದು ಅವನನ್ನು ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಆದರೆ ಎದ್ದುಹೋಗಲೂ ಇಲ್ಲ. ಮೊದಲಿಗೆ ಅಷ್ಟು ಸಾಕೆಂದುಕೊಂಡಿದ್ದೇನೆ.

ಕೋಲಾರ, ಕಥೋಲಿಕ ಉಪದೇಶಿ

ಬೇರೆ ಸಭೆಯವನಾದರೂ ಎರಡು ಮಾತು ಬರೆಯಲು ಅನುಮತಿ ಬೇಡುತ್ತೇನೆ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ನಮ್ಮಲ್ಲಿ ಗುರುಗಳು ನೇರಳೆ ಬಣ್ಣದ ಉಡುಪಿನಲ್ಲಿ ಆಚರಿಸುತ್ತಾರೆ. ಆ ಕಾಲದ ಮೊದಲ ಭಾನುವಾರದ ಶುಭಸಂದೇಶ ಕೊಟ್ಟಿಗೆಯ ಕಥೆಯಲ್ಲ, ಪ್ರಭುವಿನ ಪುನರಾಗಮನಕ್ಕಾಗಿ ಎಚ್ಚರದಿಂದಿರಿ ಎಂಬ ಕರೆ. ಬೆತ್ಲೆಹೇಮಿಗೆ ಬಂದವನೂ ಇನ್ನು ಬರಲಿರುವವನೂ ಒಬ್ಬನೇ ಎಂದು ತಿಳಿದ ಮೇಲೆ ಅವನಿಗಾಗಿ ಕಾಯುವುದರಲ್ಲಿ ನಡುಕಕ್ಕಿಂತ ಪ್ರೀತಿ ಹೆಚ್ಚಾಗುತ್ತದೆ.

ದಿನನಿತ್ಯಕ್ಕೆ ಏನು ಎಂದು ಹಿರಿಯರು ಕೇಳಿದ್ದಾರೆ. ಸಂತ ಇಗ್ನೇಷಿಯಸ್ ಲೊಯೋಲರು ಹದಿನಾರನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆಯ ಕ್ರಮ ಮನೆಯಲ್ಲೂ ಮಾಡುವಷ್ಟು ಸುಲಭ. ರಾತ್ರಿ ಮಲಗುವ ಮುಂಚೆ ದಿನಕ್ಕಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ನೋಡುವುದಕ್ಕೆ ಬೆಳಕನ್ನು ಬೇಡಿ, ಬೆಳಗಿನಿಂದ ನಡೆದದ್ದನ್ನು ಹೊತ್ತುಹೊತ್ತಾಗಿ ನೆನೆದು, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆ ತಿದ್ದಿಕೊಳ್ಳಲು ನಿಶ್ಚಯಿಸುವುದು. ಹತ್ತು ಹದಿನೈದು ನಿಮಿಷದ ಕೆಲಸ. ಇದನ್ನು ಮಾಡಿದ ಮೇಲೆ ನಿದ್ದೆಗೆಡಬೇಕಾಗಿಲ್ಲ. ವಿರೋಧಿಯಾದ ಸೈತಾನನು ಗರ್ಜಿಸುವ ಸಿಂಹದಂತೆ ತಿರುಗುತ್ತಾನೆ, ಸ್ವಸ್ಥಚಿತ್ತರಾಗಿ ಎಚ್ಚರವಾಗಿರಿ ಎಂದು ಪೇತ್ರನು ಬರೆದ ಮಾತನ್ನು ಧರ್ಮಸಭೆ ತಲತಲಾಂತರದಿಂದ ರಾತ್ರಿಯ ಪ್ರಾರ್ಥನೆಯಲ್ಲಿ ಓದುತ್ತಾ ಬಂದಿದೆ. ಆ ಪ್ರಾರ್ಥನೆಯನ್ನು ಮುಗಿಸಿದವರು ಹೋಗಿ ಮಲಗುತ್ತಾರೆ.

ಗುಬ್ಬಿ, ಭಾನುವಾರ ಶಾಲೆಯ ಶಿಕ್ಷಕಿ

ವಂದನೆಗಳು. ನಮ್ಮ ಊರಿಗೆ ವೆಸ್ಲಿಯನ್ ಮಿಷನರಿಗಳು 1837ರಷ್ಟು ಹಿಂದೆಯೇ ಬಂದವರು, ಆದ್ದರಿಂದ ಈ ವಿಷಯ ಬಂದಾಗ ನನಗೆ ಡಿಸೆಂಬರ್ 31ರ ರಾತ್ರಿಯ ಆರಾಧನೆ ನೆನಪಾಗುತ್ತದೆ. ವಾಚ್ ನೈಟ್ ಎಂದು ಕರೆಯುವ ಈ ಆರಾಧನೆ ಎಲ್ಲಿಂದ ಬಂತೆಂದು ನಮ್ಮ ಮಕ್ಕಳಿಗೆ ತಿಳಿದಿಲ್ಲ. ಮೊರಾವಿಯನ್ ಸಭೆಯವರಲ್ಲಿ ಈ ಪದ್ಧತಿ ಮೊದಲೇ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್ ಸಮೀಪದ ಕಿಂಗ್ಸ್‌ವುಡ್ ಎಂಬಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದವರು, ಹಿಂದೆ ಶನಿವಾರದ ರಾತ್ರಿಗಳನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದವರು, ನಂಬಿಕೆಗೆ ಬಂದ ಮೇಲೆ ರಾತ್ರಿ ಕೂಡಿ ಪ್ರಾರ್ಥಿಸತೊಡಗಿದರು. ಇದನ್ನು ನಿಲ್ಲಿಸಬೇಕೆಂದು ಕೆಲವರು ಮೆಥಡಿಸ್ಟ್ ಚಳವಳಿಯ ನಾಯಕರಾದ ಜಾನ್ ವೆಸ್ಲಿಯವರಿಗೆ ಹೇಳಿದರೂ ಅವರು ನಿಲ್ಲಿಸದೆ ತಾವೇ ಸೇರಿಕೊಂಡರು. 1740ರ ದಶಕದ ಆರಂಭದಿಂದ ಅದು ಮೆಥಡಿಸ್ಟರ ನಿಯಮಿತ ಆರಾಧನೆಯಾಯಿತು. ಹುಣ್ಣಿಮೆಗೆ ಹತ್ತಿರವಾದ ಶುಕ್ರವಾರವನ್ನು ಅದಕ್ಕೆ ಆರಿಸುತ್ತಿದ್ದರು, ದೂರದಿಂದ ಬಂದವರು ಬೆಳದಿಂಗಳಿನಲ್ಲಿ ಮನೆಗೆ ನಡೆದುಹೋಗಲೆಂದು. ವರ್ಷದ ಕೊನೆಯ ರಾತ್ರಿಗೆ ಅದು ಸೇರಿಕೊಂಡದ್ದು ಆಮೇಲೆ.

ಇಂದು ಆ ರಾತ್ರಿ ಏನು ನಡೆಯುತ್ತಿದೆ? ಹನ್ನೆರಡು ಹೊಡೆಯುವುದನ್ನು ಕಾಯುತ್ತೇವೆ, ವಾಗ್ದಾನದ ವಚನದ ಚೀಟಿ ಎತ್ತುತ್ತೇವೆ, ಕೇಕ್ ಕೊಯ್ಯುತ್ತೇವೆ. ವಾಗ್ದಾನವನ್ನು ಹಿಡಿದುಕೊಳ್ಳುವುದು ಒಳ್ಳೆಯದೇ. ಆದರೆ ದೇವರು ನನಗೆ ಏನು ಕೊಡುವನೆಂದು ಚೀಟಿಯಲ್ಲಿ ನೋಡುವ ಮುಂಚೆ ನಾನು ಯಾರಿಗೆ ಏನು ಕೊಡಬೇಕಾಗಿದೆ ಎಂದು ನೋಡಿಕೊಳ್ಳುವುದಕ್ಕೆ ಆ ರಾತ್ರಿಯಲ್ಲಿ ಸ್ಥಳವೇ ಇಲ್ಲವಾಗಿದೆ. ಯಜ್ಞವೇದಿಯ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂಬ ಮಾತು ಆ ರಾತ್ರಿಗೇ ಹೇಳಿಸಿದಂತಿದೆ. ಒಂದೇ ಬೆಂಚಿನಲ್ಲಿ ಕುಳಿತು ವರ್ಷಗಟ್ಟಲೆ ಮಾತನಾಡದ ಇಬ್ಬರು ಕರ್ತನ ಬರೋಣಕ್ಕೆ ಆಮೆನ್ ಹೇಳುವುದನ್ನು ನೋಡಿದರೆ ನನಗೆ ದುಃಖವಾಗುತ್ತದೆ.

ದೊಡ್ಡ ತರಗತಿಯ ಮಕ್ಕಳಿಗೆ ನಾನು ಕಲಿಸುವ ಒಂದು ಪಾಠವನ್ನೂ ಹೇಳುತ್ತೇನೆ. ಮಾರ್ಕ 13ರ ಕೊನೆಯಲ್ಲಿ ಮನೆಯ ಯಜಮಾನನು ಬರಬಹುದಾದ ನಾಲ್ಕು ಹೊತ್ತುಗಳಿವೆ: ಸಂಜೆ, ಮಧ್ಯರಾತ್ರಿ, ಕೋಳಿ ಕೂಗುವ ಹೊತ್ತು, ಬೆಳಗ್ಗೆ. ರೋಮನ್ನರು ರಾತ್ರಿಯನ್ನು ಹೀಗೆ ನಾಲ್ಕು ಜಾವಗಳಾಗಿ ವಿಂಗಡಿಸುತ್ತಿದ್ದರು. ಪುಟ ತಿರುಗಿಸಿದರೆ ಅದೇ ಹೊತ್ತುಗಳು ಮತ್ತೆ ಬರುತ್ತವೆ. ಸಂಜೆ ಹನ್ನೆರಡು ಮಂದಿಯೊಂದಿಗೆ ಊಟಕ್ಕೆ ಕುಳಿತಾಗ ಅವರಲ್ಲೊಬ್ಬನು ಹಿಡಿದುಕೊಡುವವನಾಗಿದ್ದನು. ರಾತ್ರಿ ಗೆತ್ಸೇಮನೆಯಲ್ಲಿ ಒಂದು ಗಳಿಗೆಯಾದರೂ ಎಚ್ಚರವಾಗಿರಲಾರದೆ ಮೂವರು ನಿದ್ರಿಸಿದರು. ಕೋಳಿ ಕೂಗುವ ಹೊತ್ತಿಗೆ ಪೇತ್ರನು ಅರಿಯೆನೆಂದನು. ಬೆಳಗಾಗುತ್ತಲೇ ಆತನನ್ನು ಪಿಲಾತನಿಗೆ ಒಪ್ಪಿಸಿದರು. ಮಾರ್ಕನು ಇದನ್ನು ಬೇಕೆಂದೇ ಹೀಗೆ ಜೋಡಿಸಿದ್ದಾನೆಂದು ನನ್ನ ನಂಬಿಕೆ. ಎಚ್ಚರದ ಪರೀಕ್ಷೆ ಮುಗಿಲಿನಲ್ಲಿ ಸೂಚನೆ ಕಂಡಾಗ ಅಲ್ಲ, ಒಬ್ಬ ಹುಡುಗಿ ಬೆಂಕಿಯ ಬಳಿ ನೀನೂ ಅವನ ಜೊತೆಯವನಲ್ಲವೇ ಎಂದು ಕೇಳಿದಾಗ ಬರುತ್ತದೆ.

ಕೆಜಿಎಫ್, ವಿಶ್ವಾಸಿ

ಅಕ್ಕನವರೇ, ಗಣಿ ಕೆಲಸಗಾರರು ಹುಣ್ಣಿಮೆಯ ಬೆಳಕಿನಲ್ಲಿ ಪ್ರಾರ್ಥನೆಗೆ ನಡೆದುಬರುತ್ತಿದ್ದರೆಂದು ಓದಿ ನಮ್ಮ ಹಿರಿಯರ ನೆನಪಾಯಿತು. ಇದನ್ನು ನಮ್ಮ ಸಭೆಯಲ್ಲಿ ಖಂಡಿತವಾಗಿ ಹೇಳುತ್ತೇನೆ. ಗೆತ್ಸೇಮನೆಯ ಮಾತಿನಲ್ಲಿ ಒಂದನ್ನು ಬಿಡಬಾರದು. ಕರ್ತನು ಎಚ್ಚರವಾಗಿರಿ ಎಂದಷ್ಟೇ ಹೇಳಲಿಲ್ಲ, ಶೋಧನೆಗೆ ಒಳಗಾಗದಂತೆ ಪ್ರಾರ್ಥಿಸಿರಿ ಎಂದೂ ಹೇಳಿದನು. ಸಾಲ ತೀರಿಸುವುದೂ ಒಂದಾಗುವುದೂ ಕೆಲಸ ಮಾಡುವುದೂ ಪ್ರಾರ್ಥನೆಯಿಲ್ಲದೆ ನಡೆದರೆ ಅದು ಒಳ್ಳೆಯ ನಡತೆ, ಅಷ್ಟೇ. ದೀಪದ ಎಣ್ಣೆ ಅಲ್ಲಿಂದ ಬರುವುದಿಲ್ಲ. ಮತ್ತೊಂದು ಮಾತು: ಆತನ ಪ್ರತ್ಯಕ್ಷತೆಯನ್ನು ಪ್ರೀತಿಸಿದವರೆಲ್ಲರಿಗೆ ಕಿರೀಟವಿದೆ ಎಂದು ಪೌಲನು ತಿಮೊಥೆಯನಿಗೆ ಬರೆದನು. ಆ ದಿನವನ್ನು ಒಪ್ಪಿಕೊಂಡವರಿಗೆ, ಅರ್ಥಮಾಡಿಕೊಂಡವರಿಗೆ ಎಂದು ಬರೆಯಲಿಲ್ಲ. ಹೆದರಿದ ಮಕ್ಕಳಿಗೆ ಹೆದರಬೇಡಿ ಎಂದು ಹೇಳಿ ಬಿಡದೆ, ಬರುವವನನ್ನು ಪ್ರೀತಿಸಲು ಕಲಿಸಿರಿ. ಸತ್ತ ಪ್ರಿಯರನ್ನು ಮತ್ತೆ ಕಾಣುವ ದಿನ, ಕಣ್ಣೀರು ಒರಸಲ್ಪಡುವ ದಿನವೆಂದು ಹಾಡಿಸಿರಿ. ಥೆಸಲೋನಿಕದವರಿಗೆ ಕಹಳೆಯ ಮಾತನ್ನು ಬರೆದು ಮುಗಿಸಿ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದಲ್ಲವೇ ಅಪೊಸ್ತಲನು ಹೇಳಿದ್ದು?

ಚಿಂತಾಮಣಿ, ಕಾಲೇಜು ವಿದ್ಯಾರ್ಥಿನಿ

ಇಷ್ಟನ್ನು ಯಾರೂ ನಮಗೆ ಒಟ್ಟಿಗೆ ಕೂರಿಸಿ ಹೇಳಿರಲಿಲ್ಲ. ಅಯ್ಯನವರೇ, ಆ ಎರಡು ಅಧ್ಯಾಯಗಳನ್ನು ನಮ್ಮ ಯುವಕರ ಕೂಟದಲ್ಲಿಯೂ ಓದಿಸಲು ಒಮ್ಮೆ ಬರಲು ಸಾಧ್ಯವೇ? ಪರೀಕ್ಷೆಗಳು ಮುಗಿದ ಮೇಲಾದರೆ ಎಲ್ಲರೂ ಇರುತ್ತಾರೆ.

ತುಮಕೂರು, ನಿವೃತ್ತ ಸಭಾಪಾಲಕ

ಸಂತೋಷದಿಂದ ಬರುತ್ತೇನೆ, ಮಗಳೇ. ನಿಮ್ಮ ಸಭಾಪಾಲಕರಿಗೆ ಮೊದಲು ತಿಳಿಸಿ ಅವರ ಒಪ್ಪಿಗೆ ಪಡೆದುಕೋ.

ಶಿಡ್ಲಘಟ್ಟ ತಾಲ್ಲೂಕು, ಸಭಾ ಹಿರಿಯ

ಬರೆದವರೆಲ್ಲರಿಗೂ ಮನಃಪೂರ್ವಕ ವಂದನೆಗಳು. ನಮ್ಮ ಸಭೆಯಲ್ಲಿ ಮಾತನಾಡಿ ತೀರ್ಮಾನಿಸಿದ್ದನ್ನು ತಿಳಿಸುತ್ತೇನೆ. ಬರುವ ಕೂಟಗಳಲ್ಲಿ ಮತ್ತಾಯನ ಎರಡು ಅಧ್ಯಾಯಗಳನ್ನು ಯುವಕರೇ ಸರದಿಯಲ್ಲಿ ಓದಿ ವಿವರಿಸುತ್ತಾರೆ. ಮೊಬೈಲಿನ ಪ್ರಸಂಗದಲ್ಲಿ ಕೇಳಿದ್ದನ್ನು ತರಬಾರದೆಂದು ನಾವು ತಡೆಯುವುದಿಲ್ಲ, ಆದರೆ ಅದನ್ನು ಅಧ್ಯಾಯದ ಪಕ್ಕದಲ್ಲಿಟ್ಟು ಎಲ್ಲರೂ ನೋಡಬೇಕು. ಕೂಟದ ಕೊನೆಯಲ್ಲಿ ಕಥೋಲಿಕ ಸಹೋದರರು ಹೇಳಿದ ಆತ್ಮಶೋಧನೆಗೆ ಸ್ವಲ್ಪ ಹೊತ್ತು ಮೌನವಿರುತ್ತದೆ. ಆ ಹುಡುಗಿಯನ್ನು ಅವಳ ತಾಯಿಯೂ ನನ್ನ ಹೆಂಡತಿಯೂ ವೈದ್ಯರ ಬಳಿಗೆ ಕರೆದೊಯ್ದಿದ್ದಾರೆ. ಔಷಧಿ ಕೊಟ್ಟಿದ್ದಾರೆ, ಮತ್ತೆ ಬರಲು ಹೇಳಿದ್ದಾರೆ. ಮಲಗುವಾಗ 121ನೇ ಕೀರ್ತನೆಯನ್ನು ತಾಯಿ ಓದುತ್ತಾರೆ.

ಡಿಸೆಂಬರ್ 31ರ ರಾತ್ರಿ ಚೀಟಿ ಎತ್ತುವುದಕ್ಕೆ ಮುಂಚೆ ಅರ್ಧ ಗಂಟೆ ಬಿಡುವುದೆಂದು ನಿಶ್ಚಯವಾಗಿದೆ. ಆ ಹೊತ್ತಿನಲ್ಲಿ ಯಾರು ಯಾರ ಬಳಿಗೆ ಹೋಗಬೇಕೋ ಹೋಗಬಹುದು, ಹೊರಗೆ ನಿಂತು ಮಾತನಾಡಬಹುದು. ಬಾಕಿ ತೀರಿಸಬೇಕಾದವರು ಅದಕ್ಕೂ ಮುಂಚಿನ ವಾರದಲ್ಲೇ ತೀರಿಸಲಿ, ಆಗದವರು ಕೊಡಬೇಕಾದವರಿಗೆ ಹೋಗಿ ಗಡುವು ಕೇಳಿಕೊಳ್ಳಲಿ ಎಂದು ಡಿಸೆಂಬರಿನ ಮೊದಲ ಭಾನುವಾರ ನಾನೇ ಪ್ರಕಟಿಸುತ್ತೇನೆ. ಬೆಳಗಿನ ಹಾಲು ಡೈರಿಗೆ ಹಾಕಬೇಕಾಗಿರುವುದರಿಂದ ಹನ್ನೆರಡೂವರೆಗೆ ಆರಾಧನೆ ಮುಗಿಯುತ್ತದೆ. ಪದವಿ ಓದುವ ಹುಡುಗ ದಂಡದೊಂದಿಗೆ ಶುಲ್ಕ ಕಟ್ಟಿದ್ದಾನೆ. ಎರಡನೆಯ ಕೂಟದಲ್ಲಿ ತಲಾಂತುಗಳ ಸಾಮ್ಯವನ್ನು ಓದಿ ವಿವರಿಸುವ ಸರದಿ ಅವನದೇ.